ಮುಷ್ಕರ ಮುರಿದವನಿಗೂ ನಾಟಕದಲ್ಲಿ ಜಾಗ ಕೊಡಬೇಕಾ?

ನೇಪಥ್ಯ

ನಮ್ಮದು ಹವ್ಯಾಸಿ ತಂಡ. ಬಹಳ ಹಿಂದೆಯೇ ಬಾಗಿಲು ಹಾಕಿದ ಒಂದು ಕಾರ್ಖಾನೆಯ ಕೆಲಸಗಾರರನ್ನು ಮಾತಾಡಿಸಿ, ಅವರ ನೆನಪುಗಳಿಂದ ನಾಟಕ ಕಟ್ಟುತ್ತಿದ್ದೇವೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ರೆಕಾರ್ಡಿಂಗ್ ಮುಗಿದಿದೆ, ಕೇಳಿ ಕೇಳಿ ಕಾಗದಕ್ಕೆ ಇಳಿಸಿದ್ದೂ ಆಗಿದೆ. ಮೊದಲ ಕರಡಿನಲ್ಲಿ ಕತೆ ಸಲೀಸಾಗಿ ಹೋಗುತ್ತದೆ. ಕೆಲಸ, ಯೂನಿಯನ್, ಉದ್ದದ ಮುಷ್ಕರ, ಲಾಕೌಟ್, ಸೋಲು.

ತೊಡಕಿರುವುದು ಒಬ್ಬ ಮನುಷ್ಯನ ವಿಷಯದಲ್ಲಿ. ಮುಷ್ಕರದ ನಡುವೆ ಹಿಂದಿನ ಗೇಟಿನಿಂದ ಒಳಗೆ ಹೋಗಿ ಕೆಲಸ ಮಾಡಿದವನು. ಕರಡಿನಲ್ಲಿ ಅವನು ಸುಮ್ನೆ ಒಬ್ಬ ಖಳ. ಎರಡು ಮಾತು, ನಾಲ್ಕು ಬೈಗುಳ, ಆಮೇಲೆ ಪತ್ತೆ ಇಲ್ಲ. ಆದರೆ ಅವನನ್ನೂ ನಾವು ರೆಕಾರ್ಡ್ ಮಾಡಿದ್ದೇವೆ. ಮನೆಯಲ್ಲಿ ಕಾಯಿಲೆ ಇತ್ತು, ಸಾಲ ಇತ್ತು ಅಂತ ಹೇಳಿದ್ದರೆ ಪಾತ್ರ ಬರೆಯುವುದು ಸುಲಭವಾಗುತ್ತಿತ್ತು. ಅವನು ಹೇಳಿದ್ದೇ ಬೇರೆ. ಗೋಡೌನಿನಲ್ಲಿ ಮಾಲು ತುಂಬಿ ಬಿದ್ದಿತ್ತು, ಹೊಸ ಆರ್ಡರ್ ಇರಲಿಲ್ಲ, ಮುಷ್ಕರ ಆಗಲಿ ಅಂತ ಮ್ಯಾನೇಜ್‌ಮೆಂಟೇ ಕಾಯುತ್ತಿತ್ತು, ಇದು ಗೆಲ್ಲುವ ಆಟ ಅಲ್ಲ ಅಂತ ಗೊತ್ತಿತ್ತು, ಹೋದೆ. ಅಷ್ಟೇ. ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ.

ಉಳಿದವರು ಇವತ್ತಿಗೂ ಅವನನ್ನು ಮಾತಾಡಿಸುವುದಿಲ್ಲ. ಈ ಮಾತನ್ನು ರಂಗದ ಮೇಲೆ ತಂದರೆ ನಾಟಕ ಯಾರ ಪರ ಆಗುತ್ತದೆ? ತರದೇ ಇದ್ದರೆ ಇದನ್ನು ಕೆಲಸಗಾರರ ನೆನಪಿನ ನಾಟಕ ಅಂತ ಕರೆಯುವುದು ಹೇಗೆ? ತಂಡ ಎರಡು ಹೋಳಾಗಿದೆ. ಇಲ್ಲಿ ಇಂಥ ಕೆಲಸ ಮಾಡಿದವರು ಇದ್ದೀರಿ, ಹೇಳಿ.

ಚೌಕಬಯಲು

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವನಿಗೆ ಮೈಕ್ ಕೊಡಬೇಡಿ. ಮಾಲೀಕರ ಮಾತು ಹೇಳಲು ಪತ್ರಿಕೆಗಳಿದ್ದವು, ವಕೀಲರಿದ್ದರು, ಪೊಲೀಸರಿದ್ದರು. ಕೆಲಸಗಾರನಿಗೆ ಸಿಗುವುದು ನಿಮ್ಮ ನಾಟಕದ ಒಂದು ಗಂಟೆ. ಅದರಲ್ಲೂ 'ಮುಷ್ಕರ ಗೆಲ್ಲುತ್ತಿರಲಿಲ್ಲ' ಅನ್ನುವ ಮಾತೇ ಜನರ ಕಿವಿಗೆ ಬೀಳಬೇಕಾ?

ದೆಹಲಿಯ ಬೀದಿ ನಾಟಕದ ತಂಡ ಜನ ನಾಟ್ಯ ಮಂಚ್‌ನವರು 1978ರಲ್ಲಿ ಮಾಡಿದ 'ಮಶೀನ್' ನೋಡಿ. ಗಾಜಿಯಾಬಾದ್ ಕಡೆಯ ಒಂದು ಕಾರ್ಖಾನೆಯಲ್ಲಿ ನಡೆದದ್ದು ಅದರ ಮೂಲ. ಕೆಲಸಗಾರರು ಕೇಳಿದ್ದು ಎರಡೇ: ಸೈಕಲ್ ನಿಲ್ಲಿಸಲು ಜಾಗ, ಟೀ ಕುಡಿಯಲು ಒಂದು ಕ್ಯಾಂಟೀನ್. ಅದಕ್ಕೆ ಮುಷ್ಕರ, ಮುಷ್ಕರಕ್ಕೆ ಗುಂಡು, ಆರು ಜನ ಸತ್ತರು. ನಾಟಕ ಕಾಲು ಗಂಟೆಯೂ ಇಲ್ಲ. ನಟರೇ ಒಬ್ಬರಿಗೊಬ್ಬರು ಹೆಣೆದುಕೊಂಡು ಯಂತ್ರ ಆಗುತ್ತಾರೆ, ಬಾಯಲ್ಲೇ ಅದರ ಸದ್ದು ಮಾಡುತ್ತಾರೆ. ಇದ್ದಕ್ಕಿದ್ದ ಹಾಗೆ ಯಂತ್ರ ನಿಲ್ಲುತ್ತದೆ. ಸೆಟ್ ಇಲ್ಲ, ಲೈಟ್ ಇಲ್ಲ. ಅಲ್ಲಿ 'ಆದರೆ ಇನ್ನೊಂದು ದೃಷ್ಟಿಯಲ್ಲಿ ನೋಡಿದರೆ' ಅಂತ ಯಾರೂ ಬರುವುದಿಲ್ಲ. ಬಂದಿದ್ದರೆ ಕೆಡುತ್ತಿತ್ತು.

ಅದೇ ತಂಡ 1989ರ ಜನವರಿ 1ರಂದು ಸಾಹಿಬಾಬಾದ್‌ನ ಝಂಡಾಪುರದಲ್ಲಿ 'ಹಲ್ಲಾ ಬೋಲ್' ಆಡುತ್ತಿದ್ದಾಗ ದಾಳಿ ಆಯಿತು. ರಾಮ್ ಬಹಾದ್ದೂರ್ ಅನ್ನುವ ಕೆಲಸಗಾರ ಸತ್ತರು, ಮಾರನೇ ದಿನ ತಂಡದ ಮುಂದಾಳು ಸಫ್ದರ್ ಹಾಶ್ಮಿ ತೀರಿಕೊಂಡರು. ಜನವರಿ 4ಕ್ಕೆ ಅವರ ಹೆಂಡತಿ ಮಲಯಶ್ರೀ ಹಾಶ್ಮಿ ಮತ್ತು ತಂಡದವರು ಅದೇ ಜಾಗಕ್ಕೆ ವಾಪಸ್ ಹೋಗಿ ಅರ್ಧಕ್ಕೆ ನಿಂತ ನಾಟಕ ಮುಗಿಸಿದರು. ಪಕ್ಷ ಹಿಡಿಯುವುದು ಅಂದರೆ ಅದು.

ಹಳೇ ಟಿಕೆಟ್

ಚೌಕಬಯಲು ಸರ್, ಒಪ್ಪಿದೆ. ಆದರೆ ಅದು ಬಿಸಿ ಇರುವಾಗಲೇ ಆಡಿದ ನಾಟಕ. ಇವರದು ಬಾಗಿಲು ಹಾಕಿ ಎಷ್ಟೋ ಕಾಲವಾದ ಕಾರ್ಖಾನೆ. ನಾಳೆ ಬೆಳಿಗ್ಗೆ ಗೇಟ್ ಮುಂದೆ ನಿಲ್ಲಬೇಕಾದವರು ಯಾರೂ ಇಲ್ಲ. ಇಲ್ಲಿ ಘೋಷಣೆ ಕೂಗಿ ಯಾರನ್ನು ಎಬ್ಬಿಸಬೇಕು?

ಬೋಲ್ ಅನುಭವ ಓದಿದ್ದೀರಲ್ವಾ, ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ತೊ ಬೋಲ್. ಶುರುವಿನಲ್ಲಿ ಅವರ ತಂಡ ರೈತರ ಮುಂದೆ 'ನೆಲಕ್ಕಾಗಿ ರಕ್ತ ಚೆಲ್ಲೋಣ' ಅಂತ ಹಾಡಿ ಕುಣಿಯಿತು. ನಾಟಕ ಮುಗಿದ ಮೇಲೆ ವಿರ್ಜಿಲಿಯೊ ಅನ್ನುವ ರೈತ ಬಂದು, ನಿಮ್ಮ ಬಂದೂಕು ತಗೊಂಡು ಬನ್ನಿ, ಜಮೀನ್ದಾರನ ಆಳುಗಳ ಮೇಲೆ ಹೋಗೋಣ ಅಂದ. ಇವರು ಬೆಬ್ಬೆಬ್ಬೆ. ನಮ್ಮವು ನಾಟಕದ ಬಂದೂಕು ಅಂದರು. ಹಾಗಾದರೆ ನೀವು ಚೆಲ್ಲೋಣ ಅಂದದ್ದು ನಮ್ಮ ರಕ್ತವನ್ನಾ ಅಂತ ಅವನು ಕೇಳಿದ. ಆಮೇಲೆ ಬೋಲ್ ಬೇರೆಯವರಿಗೆ ಹೀಗೆ ಮಾಡಿ ಅಂತ ಹೇಳುವ ನಾಟಕ ಬಿಟ್ಟರು.

ಧ್ವನಿಸುರುಳಿ

ನಾನು ಬಾಯ್ಮಾತಿನ ಇತಿಹಾಸ ದಾಖಲು ಮಾಡುವವಳು, ನಾಟಕದವಳಲ್ಲ. ಹಾಗಾಗಿ ನೆನಪಿನ ಕಡೆಯಿಂದ ಒಂದು ಮಾತು.

ನೇಪಥ್ಯ ಅವರೇ, ನಿಮ್ಮ ರೆಕಾರ್ಡಿಂಗ್‌ಗಳಲ್ಲಿ ಅವನು ಯಾವಾಗ ಒಳಗೆ ಹೋದ ಅನ್ನುವುದನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರಾ? ಹೇಳಲಿಕ್ಕಿಲ್ಲ ಅಂತ ನನ್ನ ಊಹೆ. ಇಟಲಿಯ ತೆರ್ನಿ ಅನ್ನುವ ಉಕ್ಕಿನ ಊರಿನಲ್ಲಿ ಲುಯಿಜಿ ತ್ರಸ್ತುಲ್ಲಿ ಅನ್ನುವ ಯುವ ಕೆಲಸಗಾರ ಪೊಲೀಸರ ಗುಂಡಿಗೆ ಸತ್ತ. ಅದು ನಡೆದದ್ದು 1949ರ ಮಾರ್ಚ್ 17ರಂದು, ಇಟಲಿ ನೇಟೋ ಸೇರುವುದರ ವಿರುದ್ಧ ಕೆಲಸಗಾರರು ಬೀದಿಗಿಳಿದ ದಿನ. ಆದರೆ ಮುಂದೆ ಬಾಯ್ಮಾತಿನ ಇತಿಹಾಸಕಾರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಅಲ್ಲಿನ ಹಳೆಯ ಕೆಲಸಗಾರರನ್ನು ಮಾತಾಡಿಸಿದಾಗ ಎಷ್ಟೋ ಜನ ಆ ಸಾವನ್ನು 1953ಕ್ಕೆ ತಂದು ಇಟ್ಟರು. ಆ ವರ್ಷ ಕಾರ್ಖಾನೆಯಿಂದ ಸಾವಿರಾರು ಜನರನ್ನು ಹೊರಗೆ ಹಾಕಿದ್ದರು, ಊರಲ್ಲಿ ದೊಡ್ಡ ಗಲಾಟೆ ಆಗಿತ್ತು. ನಾಲ್ಕು ವರ್ಷದ ಅಂತರ ನೆನಪಲ್ಲಿ ಅಳಿಸಿಹೋಗಿತ್ತು. ಮುದುಕರಿಗೆ ಮರೆವು ಅಂತ ಪೋರ್ತೆಲ್ಲಿ ಕೈ ಬಿಡಲಿಲ್ಲ. ಹುಡುಗ ಸತ್ತಾಗ ಊರು ಸುಮ್ಮನಿತ್ತು ಅನ್ನುವುದು ಅವರಿಗೆ ನುಂಗಲಾಗದ ಮಾತು. ಹಾಗಾಗಿ ಅವನ ಸಾವನ್ನು, ತಾವು ತಿರುಗಿ ನಿಂತ ದಿನಕ್ಕೆ ಒಯ್ದು ಜೋಡಿಸಿದರು.

ನಿಮ್ಮಲ್ಲೂ ಇಂಥದ್ದೊಂದು ಇರಬಹುದು. ಸೋಲಿನ ಕಾರಣವನ್ನೆಲ್ಲ ಒಬ್ಬನ ತಲೆಗೆ ಕಟ್ಟಿದ್ದರೆ, ಅದು ಯಾಕೆ ಬೇಕಾಯಿತು ಅಂತ ನೋಡಿ. ನಾಟಕ ಇರುವುದು ಅಲ್ಲೇ.

ನೇಪಥ್ಯ

ಧ್ವನಿಸುರುಳಿ ಮೇಡಂ, ನೀವು ಹೇಳಿದ್ದು ನೋಡಿ ಪುಟಗಳನ್ನು ಮತ್ತೆ ತೆಗೆದು ಕೂತೆ. ನಿಜ. ಒಬ್ಬರು ಅವನು ಮೊದಲ ವಾರವೇ ಹೋದ ಅನ್ನುತ್ತಾರೆ. ಇನ್ನೊಬ್ಬರು ಸಂಬಳವಿಲ್ಲದೆ ಎಲ್ಲರೂ ಬಸವಳಿದ ಮೇಲೆ ಅನ್ನುತ್ತಾರೆ. ಅವನ ಜೊತೆ ಇನ್ನೂ ಕೆಲವರು ಹೋಗಿದ್ದರು ಅಂತ ಒಬ್ಬರೇ ಒಬ್ಬರು, ಅದೂ ರೆಕಾರ್ಡರ್ ಆಫ್ ಮಾಡಿ ಅಂದ ಮೇಲೆ ಹೇಳಿದರು. ಅದನ್ನು ನಾಟಕದಲ್ಲಿ ಬಳಸುವುದಿಲ್ಲ.

ಧ್ವನಿಸುರುಳಿ

ಬಳಸಲೇ ಕೂಡದು. ಆಫ್ ಮಾಡಿ ಅಂದ ಮೇಲೆ ಹೇಳಿದ್ದು ಆಫ್ ಆಗಿಯೇ ಇರಬೇಕು.

ಮೂರನೇ ಪಾಳಿ

ನಾನು ಬೇರೆ ಕಡೆ ಪ್ರೆಸ್ ಶಾಪಿನಲ್ಲಿ, ಅಂದರೆ ಮಿಷಿನ್ನಿನಲ್ಲಿ ತಗಡು ಒತ್ತಿ ಪೀಸ್ ಮಾಡುವ ಕಡೆ, ಕೆಲಸ ಮಾಡಿ ನಿವೃತ್ತನಾದವನು. ನಾಟಕ ನೋಡುವ ಚಟ ಇದೆ. ಕಾರ್ಮಿಕರ ನಾಟಕ ಅಂತ ಹೋದರೆ ಒಂದು ಬೇಜಾರು ಯಾವಾಗಲೂ ಇದ್ದದ್ದೇ. ಅಲ್ಲಿ ಎಲ್ಲರೂ ಅಳುತ್ತಾರೆ, ಕೂಗುತ್ತಾರೆ, ಕೈ ಎತ್ತುತ್ತಾರೆ. ಕೆಲಸ ಮಾತ್ರ ಯಾರೂ ಮಾಡುವುದಿಲ್ಲ. ಒಬ್ಬ ಸುತ್ತಿಗೆ ಹಿಡಿದುಕೊಂಡು ಗಾಳಿಗೆ ಹೊಡೆಯುತ್ತಾನೆ. ಹಾಗೆ ಹೊಡೆದರೆ ಮೊದಲ ದಿನವೇ ಭುಜ ಹೋಗುತ್ತೆ.

ನಿಮ್ಮ ಆ ಮನುಷ್ಯನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲೂ ಒಬ್ಬ ಹೋಗಿದ್ದ. ಅವನು ಹೋದದ್ದು ನಮಗೆ ಗೊತ್ತಾದದ್ದು ಹೇಗೆ ಹೇಳಲಾ? ನಾವೆಲ್ಲ ಗೇಟ್ ಹತ್ತಿರ ಕೂತಿದ್ದೆವು. ಒಳಗಿಂದ ಪ್ರೆಸ್ ಹೊಡೆದ ಸದ್ದು ಬಂತು. ಪವರ್ ಪ್ರೆಸ್ ಅಂದರೆ ಅದರ ಹೊಡೆತ ನೆಲದಲ್ಲಿ ಬರುತ್ತೆ, ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತೆ. ಶೀಟ್ ಇಡಬೇಕು, ಕೈ ತೆಗೆಯಬೇಕು, ಪೆಡಲ್ ಒತ್ತಬೇಕು, ಪೀಸ್ ತೆಗೆಯಬೇಕು. ಒಂದು ಒತ್ತಿಗೆ ಒಂದೇ ಹೊಡೆತ. ಹಾಗಾಗಿ ಎರಡು ಹೊಡೆತದ ನಡುವಿನ ಅಂತರ ಮಿಷಿನ್ನಿನದಲ್ಲ, ಕೂತ ಮನುಷ್ಯನದು. ಒಬ್ಬ ಧಡ್ ಧಡ್ ಅಂತ ಓಡಿಸುತ್ತಾನೆ, ಒಬ್ಬ ಪೀಸ್ ತಿರುಗಿಸಿ ಬರ್ (ಅಂಚಿನ ಚೂಪು) ನೋಡಿ ಆಮೇಲೆ ಮುಂದಿನದು. ವರ್ಷಗಟ್ಟಲೆ ಪಕ್ಕದಲ್ಲಿ ಕೂತವನಿಗೆ ಆ ತಾಳ ಗೊತ್ತಿರುತ್ತೆ. ಅವತ್ತು ಹತ್ತು ಹನ್ನೆರಡು ಹೊಡೆತ ಬೀಳುವಷ್ಟರಲ್ಲಿ ಗೇಟಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಯಾರೂ ಹೇಳಲಿಲ್ಲ.

ಇನ್ನೊಂದು. ನಾಟಕದಲ್ಲಿ ಬೆರಳು ಹೋಯಿತು ಅಂದರೆ ಮಾಲೀಕನದೇ ತಪ್ಪು ಅಂತ ತೋರಿಸುತ್ತೀರಿ. ಮಾಲೀಕನ ತಪ್ಪು ಇದ್ದೇ ಇದೆ, ರೇಟ್ ಹಾಗೆ ಕಟ್ಟಿದ್ದು ಅವನೇ. ಆದರೆ ಇನ್ಸೆಂಟಿವ್ ಆಸೆಗೆ ಕೈ ಕಾಯುವ ಗಾರ್ಡ್ ಬಿಚ್ಚಿ ಪಕ್ಕಕ್ಕಿಟ್ಟು ಹೊಡೆದ ಕೈಗಳು ನಮ್ಮವೇ. ಎರಡೂ ಕೈಯಿಂದ ಬಟನ್ ಒತ್ತಿದರೆ ಮಾತ್ರ ಹೊಡೆಯುವ ಹಾಗೆ ಮಾಡಿದ್ದ ಮಿಷಿನ್‌ಗೂ ಒಂದು ಬಟನ್ನಿಗೆ ಮರದ ಚಕ್ಕೆ ತುರುಕಿ ದಾರಿ ಮಾಡಿಕೊಂಡಿದ್ದೆವು. ಇದನ್ನು ಹೇಳಿದರೆ ನಾಟಕ ಮಾಲೀಕನ ಪರ ಆಗಲ್ಲ. ರೇಟ್ ಅನ್ನೋದು ಮನುಷ್ಯನ ಒಳಗೆ ಹೇಗೆ ಹೊಕ್ಕು ಕೂರುತ್ತೆ ಅಂತ ತೋರುತ್ತೆ.

ಅರೆಓದುಗಿ

ಮೇಲಿನ ಪೋಸ್ಟ್ ಓದಿ ಆ ದೃಶ್ಯ ಕಣ್ಣ ಮುಂದೆಯೇ ಬಂತು, ಯಜಮಾನ್ರೇ.

ಕತ್ತಲೆಬೆಳಕು

ಅಯ್ಯೋ, ಈ ದೃಶ್ಯವನ್ನು ನೇಪಥ್ಯ ತಂಡ ತಗೊಳ್ಳದಿದ್ದರೆ ನಾನು ಕದಿಯುತ್ತೇನೆ. (ಮೂರನೇ ಪಾಳಿ ಅವರ ಅನುಮತಿ ಕೇಳಿಯೇ.)

ಲೈಟಿಂಗ್ ಮಾಡುವವನಾಗಿ ಒಂದು ಎಚ್ಚರಿಕೆ. ಸದ್ದು, ಬೆಳಕು ಜೋರಾಗಿ ಕೆಲಸ ಮಾಡಿದರೆ ಮನುಷ್ಯ ಕಾಣಿಸುವುದಿಲ್ಲ. ಉತ್ಪಲ್ ದತ್ ಅವರ 'ಅಂಗಾರ್' 1959ರಲ್ಲಿ ಕಲ್ಕತ್ತೆಯ ಮಿನರ್ವಾದಲ್ಲಿ ಆಡಿದ್ದು. ಕಲ್ಲಿದ್ದಲು ಗಣಿಯ ಕೆಲಸಗಾರರ ಕತೆ. ಕೊನೆಗೆ ಗಣಿಯೊಳಗೆ ನೀರು ನುಗ್ಗುತ್ತದೆ, ಕೆಲಸಗಾರರು ಮುಳುಗುತ್ತಾರೆ. ರಂಗದ ಮೇಲೆ ಒಂದು ಹನಿ ನೀರಿಲ್ಲದೆ, ಬರೀ ಬೆಳಕಿನಲ್ಲೇ ತಾಪಸ್ ಸೇನ್ ಆ ನೀರನ್ನು ಏರಿಸಿದರು. ರವಿಶಂಕರ್ ಸಂಗೀತ. ನಮ್ಮ ಕಸುಬಿನವರಿಗೆ ಅದು ದೊಡ್ಡ ಪಾಠ. ಆದರೆ 'ಅಂಗಾರ್' ಮಾತು ಬಂದರೆ ಇವತ್ತಿಗೂ ಜನ ಹೇಳುವುದು ಆ ನೀರಿನ ಬೆಳಕಿನ ಬಗ್ಗೆಯೇ. ಮುಳುಗಿದವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ನೇಪಥ್ಯ, ಮುಚ್ಚಿದ ಶೆಡ್ಡಿನಲ್ಲೇ ಆಡುವ ಯೋಚನೆ ಏನಾದರೂ ಇದೆಯಾ? ನನಗೆ ಅನುಮಾನ ಬಂತು, ಎಲ್ಲರಿಗೂ ಬರುವ ಆಸೆ ಅದು.

ನೇಪಥ್ಯ

ಇದೆ. ಹೇಗೆ ಗೊತ್ತಾಯಿತು!

ಕತ್ತಲೆಬೆಳಕು

ಹಾಗಾದರೆ ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ ಪಾಡು ಕೇಳಿ. 1924ರಲ್ಲಿ ಸೆರ್ಗೆಯ್ ತ್ರೆತ್ಯಕೋವ್ ಬರೆದ 'ಗ್ಯಾಸ್ ಮಾಸ್ಕ್‌ಗಳು' ನಾಟಕವನ್ನು ಮಾಸ್ಕೋದ ನಿಜವಾದ ಗ್ಯಾಸ್ ಕಾರ್ಖಾನೆಯೊಳಗೇ ಆಡಿಸಿದರು. ಕೆಲಸಗಾರರ ಕತೆಯನ್ನು ಕೆಲಸದ ಜಾಗದಲ್ಲೇ ಆಡುವುದು, ಇದಕ್ಕಿಂತ ಇನ್ನೇನು ಬೇಕು ಅಂತ. ಆದದ್ದೇನು ಅಂದರೆ, ಆ ಭಾರಿ ಯಂತ್ರಗಳ ಮುಂದೆ ನಟರು ಸಣ್ಣಗೆ ಕಂಡರು. ಗ್ಯಾಸಿನ ವಾಸನೆ ಬೇರೆ. ಕೆಲವೇ ಪ್ರದರ್ಶನಕ್ಕೆ ನಿಂತಿತು. ಆಸಾಮಿ ರಂಗಭೂಮಿಯನ್ನೇ ಬಿಟ್ಟು ಸಿನಿಮಾಗೆ ಹೋದರು. ಸಿನಿಮಾಕ್ಕೆ ಲಾಭ ಆಯಿತು, ಅದು ಬೇರೆ ವಿಷಯ.

ಖಾಲಿ ಶೆಡ್ ಅಂತೂ ಇನ್ನೂ ಅಪಾಯ. ಎತ್ತರದ ತಗಡು, ಮುರಿದ ಗಾಜು, ಪಾರಿವಾಳ. ನೋಡುವವರು ಆಹಾ ಅಂತ ಫೋಟೋ ತೆಗೆಯುತ್ತಾರೆ. ಅಲ್ಲಿ ಕೆಲಸ ಮಾಡಿದವರಿಗೆ ಅದು ಚಂದ ಕಾಣುವುದಿಲ್ಲ.

ಮೂರನೇ ಪಾಳಿ

ಕಾಣಲ್ಲ. ಮಿಷಿನ್ ಕಿತ್ತು ಗುಜರಿಗೆ ಹಾಕಿದ ಮೇಲೆ ಬೋಲ್ಟ್ ಮಾತ್ರ ನೆಲದಲ್ಲಿ ನಿಂತಿರುತ್ತೆ. ಅದನ್ನು ನೋಡಲು ಯಾಕೆ ಬರಬೇಕು ನಾನು?

ಚೌಕಬಯಲು

ಮೂರನೇ ಪಾಳಿ ಅಣ್ಣ, ಆ ಗೇಟಿನ ದೃಶ್ಯ ಚೆನ್ನಾಗಿದೆ. ನಾನು ಹೇಳಿದ್ದಕ್ಕೆ ಅದು ವಿರುದ್ಧವೂ ಅಲ್ಲ. ಅವನು ಹೋದ, ಎಲ್ಲರಿಗೂ ಗೊತ್ತಾಯಿತು, ನೋವಾಯಿತು. ಅಲ್ಲಿ ಯಾವ ಗೊಂದಲವೂ ಇಲ್ಲ. ನನ್ನ ತಕರಾರು ಇರುವುದು ಅವನ ವಾದದ ಬಗ್ಗೆ. 'ಮಾಲು ತುಂಬಿತ್ತು, ಮುಷ್ಕರ ಅವರಿಗೇ ಬೇಕಿತ್ತು' ಅನ್ನುವುದು. ಇದನ್ನು ಕೇಳಿ ಇವತ್ತು ಎಲ್ಲೋ ಕೆಲಸ ಮಾಡುವ ಹುಡುಗನೊಬ್ಬ ಮುಷ್ಕರ ಮಾಡಿ ಏನು ಪ್ರಯೋಜನ ಅಂತ ಮನೆಗೆ ಹೋದರೆ?

ಧ್ವನಿಸುರುಳಿ

ಆದರೆ ಆ ಮಾತು ಸುಳ್ಳಲ್ಲದಿದ್ದರೆ ಏನು ಮಾಡುತ್ತೀರಿ? 1982ರ ಜನವರಿ 18ಕ್ಕೆ ಶುರುವಾದ ಮುಂಬೈ ಗಿರಣಿ ಮುಷ್ಕರದ ಬಗ್ಗೆಯೂ ಇದೇ ಮಾತಿದೆ. ಯೂನಿಯನ್ ನಾಯಕ ದತ್ತಾ ಸಾಮಂತ್ ಹಿಂದೆ ಸುಮಾರು 2.5 ಲಕ್ಷ ಕೆಲಸಗಾರರು ನಿಂತರು. ಮುಗಿಯಿತು ಅಂತ ಯಾರೂ ಯಾವತ್ತೂ ಘೋಷಿಸದ ಮುಷ್ಕರ ಅದು. ಹಳೇ ಮಗ್ಗ ಇಟ್ಟುಕೊಂಡು ನಷ್ಟದಲ್ಲಿದ್ದ ಮಾಲೀಕರಿಗೆ ಗಿರಣಿ ಓಡದೇ ಇದ್ದದ್ದೇ ಒಳ್ಳೆಯದಾಯಿತು, ಬಟ್ಟೆಯನ್ನು ಪವರ್‌ಲೂಮ್‌ಗಳಲ್ಲಿ ನೇಯಿಸಿಕೊಂಡರು, ಆಮೇಲೆ ಜಮೀನಿಗೆ ಬಂಗಾರದ ಬೆಲೆ ಬಂತು ಅಂತ ಅದನ್ನು ಅಧ್ಯಯನ ಮಾಡಿದವರೂ ಹೇಳುತ್ತಾರೆ, ಮುಂಬೈನ ಗಿರಣಿ ಪ್ರದೇಶವಾದ ಗಿರಣಗಾಂವ್‌ನ ಹಳೆಯ ಕೆಲಸಗಾರರೂ ಹೇಳುತ್ತಾರೆ. ಹಾಗಂತ ಅವರು ಮುಷ್ಕರ ಮಾಡಿದ್ದು ತಪ್ಪು ಅನ್ನುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅವರಿಗೆ ಆಗುವುದು ನಮ್ಮ ನಾಟಕಕ್ಕೆ ಯಾಕೆ ಆಗಬಾರದು?

2006ರಲ್ಲಿ ಬಂದ ರಾಮು ರಾಮನಾಥನ್ ಅವರ 'ಕಾಟನ್ 56, ಪಾಲಿಯೆಸ್ಟರ್ 84' ಇದೇ ಗಿರಣಿಗಳ ಕತೆ. ಸುನಿಲ್ ಶಾನಭಾಗ್ ನಿರ್ದೇಶನ. ಇಬ್ಬರು ಹಳೆಯ ಕೆಲಸಗಾರರು ಕೂತು ಮಾತಾಡುತ್ತಾರೆ. ಜೋಕು, ಜಗಳ, ಹಳೇ ಹಾಡು, ಬೈಗುಳ. ರಾಜಕೀಯ ಇರುವುದು ಆ ಹರಟೆಯೊಳಗೇ.

ಹಳೇ ಟಿಕೆಟ್

ಅದನ್ನು ಬರೆದದ್ದು ಇಂಗ್ಲಿಷಿನಲ್ಲಿ ಅನ್ನುವುದನ್ನೂ ಸೇರಿಸಿ. ನಾಟಕ ಒಳ್ಳೆಯದೇ. ಆದರೆ ಗಿರಣಿಯವನ ಮಗ ಟಿಕೆಟ್ ತಗೊಂಡು ಹೋಗಿ ಕೂತನಾ ಅಂತ ಕೇಳಬೇಕಲ್ವಾ? ಮೊದಲು ಹಾಗಿರಲಿಲ್ಲ. ಅಣ್ಣಾ ಭಾವು ಸಾಠೆ, ಅಮರ್ ಶೇಖ್, ಗವಾಣಕರ್ ಮೂವರೂ ಸೇರಿ 1940ರ ದಶಕದಲ್ಲಿ ಕಟ್ಟಿದ ಲಾಲ್ ಬಾವಟಾ ಕಲಾಪಥಕ ಅನ್ನುವ ತಂಡ ಹಾಡುತ್ತಿದ್ದದ್ದೇ ಕೆಲಸಗಾರರ ವಠಾರಗಳ ಮುಂದೆ. ಸಾಠೆ ತಾವೇ ಗಿರಣಿಯಲ್ಲಿ ದುಡಿದವರು. ಅವರು ಯಾರ ನೆನಪನ್ನೂ ಹೋಗಿ ರೆಕಾರ್ಡ್ ಮಾಡಬೇಕಿರಲಿಲ್ಲ. ನಮ್ಮಲ್ಲಿ 1975ರಲ್ಲಿ ಶುರುವಾದ 'ಸಮುದಾಯ' ತಂಡವೂ ಬೀದಿಗೆ ಹೋದದ್ದು ಅದಕ್ಕೇ, ಜನ ಇರುವಲ್ಲಿಗೆ ನಾಟಕ ಹೋಗಲಿ ಅಂತ.

ಈಗಿನದು ಏನಾಗಿದೆ ಅಂದರೆ, ಕೆಲಸಗಾರ ಕತೆ ಕೊಡುತ್ತಾನೆ, ಮೇಷ್ಟ್ರ ಮಗ ಬರೆಯುತ್ತಾನೆ, ಸಾಫ್ಟ್‌ವೇರಿನವರು ನೋಡಿ ಚಪ್ಪಾಳೆ ತಟ್ಟುತ್ತಾರೆ. ನಾನೂ ಅದೇ ಪೈಕಿ, ಬಯ್ಯಬೇಡಿ.

ನೇಪಥ್ಯ

ಬಯ್ಯುವುದಿಲ್ಲ, ನಾನು ಮೇಷ್ಟ್ರ ಮಗನೇ.

ಅರೆಓದುಗಿ

ಕೆಲಸಗಾರರೇ ರಂಗದ ಮೇಲೆ ಬಂದರೆ ಈ ಪ್ರಶ್ನೆ ಬರುವುದಿಲ್ಲ ಅಲ್ವಾ? ನಟರು ಯಾಕೆ?

ಧ್ವನಿಸುರುಳಿ

ಆಗಲೂ ಬರುತ್ತದೆ. 1913ರ ಜೂನ್ 7ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ಯಾಟರ್‌ಸನ್ ಊರಿನ ರೇಷ್ಮೆ ನೇಕಾರರು ತಮ್ಮ ಮುಷ್ಕರವನ್ನು ತಾವೇ ಆಡಿ ತೋರಿಸಿದರು. ಸಾವಿರಕ್ಕೂ ಜಾಸ್ತಿ ಕೆಲಸಗಾರರು ರಂಗದ ಮೇಲೆ, ಸುಮಾರು 15,000 ಜನ ಕೆಳಗೆ. ಪತ್ರಕರ್ತ ಜಾನ್ ರೀಡ್ ಮುಂದೆ ನಿಂತು ಕಟ್ಟಿಸಿದ್ದು. ಒಬ್ಬೊಬ್ಬ ನೇಕಾರ ಎರಡರ ಬದಲು ನಾಲ್ಕು ಮಗ್ಗ ನೋಡಿಕೊಳ್ಳಬೇಕು ಅಂದದ್ದಕ್ಕೆ ಹೊತ್ತಿಕೊಂಡ ಜಗಳ ಅದು. ಗುಂಡಿಗೆ ಬಲಿಯಾದ ಮೊದೆಸ್ತಿನೊ ಅನ್ನುವವನ ಶವಯಾತ್ರೆಯನ್ನು ಮುಷ್ಕರ ಮಾಡುತ್ತಿದ್ದವರೇ ರಂಗದ ಮೇಲೆ ಮತ್ತೆ ನಡೆಸಿದರು. ಎಲ್ಲರೂ ಅತ್ತರು, ಪತ್ರಿಕೆಗಳು ಹೊಗಳಿದವು.

ಆದರೆ ಒಂದೇ ರಾತ್ರಿಯ ಆಟ, ಖರ್ಚು ಜಾಸ್ತಿ. ಮುಷ್ಕರದ ನಿಧಿಗೆ ದುಡ್ಡು ಬರುತ್ತದೆ ಅಂತ ಕಾದವರಿಗೆ ಸಿಕ್ಕಿದ್ದು ನಷ್ಟದ ಲೆಕ್ಕ. ಮುಷ್ಕರದ ಮುಂದಾಳು ಎಲಿಜಬೆತ್ ಗರ್ಲಿ ಫ್ಲಿನ್ ಆಮೇಲೆ ಇದನ್ನು ಖಾರವಾಗಿಯೇ ವಿಮರ್ಶಿಸಿದರು. ತಾಲೀಮಿಗೆ ಜನ ಹೋದಾಗ ಗಿರಣಿ ಗೇಟಿನ ಪಿಕೆಟಿಂಗ್ (ಮುಷ್ಕರದವರ ಕಾವಲು) ಸಡಿಲವಾಯಿತು, ಮೊದಲ ಮುಷ್ಕರ ಮುರುಕರು ಒಳಗೆ ಹೋದದ್ದು ಆಗಲೇ. ಆಯ್ಕೆಯಾದವರ ಮೇಲೆ ಆಗದವರಿಗೆ ಹೊಟ್ಟೆಕಿಚ್ಚು ಬೇರೆ. ಬೇಸಿಗೆ ಮುಗಿಯುವಷ್ಟರಲ್ಲಿ ಮುಷ್ಕರ ಸೋತಿತ್ತು. ನಾಟಕದಿಂದಲೇ ಸೋತಿತು ಅಂತ ನಾನು ಹೇಳುವುದಿಲ್ಲ. ಆದರೆ ಕೆಲಸಗಾರರೇ ನಿಂತು ಆಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಇಲ್ಲ.

ನನಗೆ ಇಷ್ಟವಾದದ್ದು ಇಂಗ್ಲೆಂಡಿನ ಸ್ಟೋಕ್ ಊರಿನ ಕ್ರಮ. ಅಲ್ಲಿನ ವಿಕ್ಟೋರಿಯಾ ಥಿಯೇಟರಿನಲ್ಲಿ ಪೀಟರ್ ಚೀಸ್‌ಮನ್ ಒಂದು ನಿಯಮ ಇಟ್ಟುಕೊಂಡಿದ್ದರು. ರಂಗದ ಮೇಲೆ ಬರುವ ಮಾತು ದಾಖಲೆಯಿಂದ ಅಥವಾ ಟೇಪಿನಿಂದಲೇ ಬರಬೇಕು, ನಾಟಕಕಾರ ಹೊಸೆದದ್ದು ಇರಬಾರದು. 1966ರಲ್ಲಿ ರೈಲ್ವೆಯವರ ಬಗ್ಗೆ 'ದಿ ನಾಟಿ' ಹಾಗೇ ಆಯಿತು. 1974ರಲ್ಲಿ ಶೆಲ್ಟನ್ ಬಾರ್ ಉಕ್ಕಿನ ಕಾರ್ಖಾನೆ ಮುಚ್ಚುತ್ತಾರೆ ಅಂದಾಗ 'ಫೈಟ್ ಫಾರ್ ಶೆಲ್ಟನ್ ಬಾರ್' ಆಡಿದರು. ಹೋರಾಟ ಇನ್ನೂ ನಡೆಯುತ್ತಿತ್ತು, ಹಾಗಾಗಿ ಪ್ರದರ್ಶನದಲ್ಲಿ ಆಗಿನ ಸುದ್ದಿಯನ್ನೂ ಸೇರಿಸಿ ಹೇಳುತ್ತಿದ್ದರು. 1978ರಲ್ಲಿ ಅಲ್ಲಿ ಉಕ್ಕು ಕರಗಿಸುವುದು ನಿಂತಿತು. ಆದರೂ ಆ ಊರಿನವರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡರು, ತಪ್ಪಿದ್ದರೆ ಇಂಟರ್ವಲ್‌ನಲ್ಲಿ ಬಂದು ಹೇಳುವವರೂ ಅಲ್ಲೇ ಇದ್ದರು.

ಕತ್ತಲೆಬೆಳಕು

ಮಾತೊಂದನ್ನೇ ನಿಯಮಕ್ಕೆ ಕಟ್ಟಿದರೆ ಸಾಲದು. ಲ್ಯಾಂಕಶೈರ್ ನೇಯ್ಗೆ ಶೆಡ್‌ಗಳಲ್ಲಿ ಮಗ್ಗಗಳ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಅಲ್ಲಿನ ಹೆಂಗಸರು ತುಟಿಯನ್ನು ದೊಡ್ಡದಾಗಿ ಆಡಿಸಿ, ಕೈಸನ್ನೆ ಸೇರಿಸಿ ಇಡೀ ದಿನ ಹರಟುತ್ತಿದ್ದರು. ಮನೆಗೆ ಹೋದ ಮೇಲೂ ಆ ಅಭ್ಯಾಸ ಬಿಡುತ್ತಿರಲಿಲ್ಲ. ಇದು ಟೇಪಿನಲ್ಲಿ ಎಲ್ಲಿ ಬರುತ್ತದೆ? ನಟರು ಹೋಗಿ ಅವರ ಕೈ ನೋಡಬೇಕು.

ಮೂರನೇ ಪಾಳಿ

ನಮ್ಮಲ್ಲೂ ಸನ್ನೆಯೇ. ಸೂಪರ್‌ವೈಸರ್ ಬರುತ್ತಿದ್ದಾನೆ ಅನ್ನೋದಕ್ಕೆ ಒಂದು, ಟೀ ಬಂತು ಅನ್ನೋದಕ್ಕೆ ಒಂದು, ಡೈ (ಅಚ್ಚು) ಹೋಯಿತು ಅನ್ನೋದಕ್ಕೆ ಒಂದು. ಸೂಪರ್‌ವೈಸರ್‌ದು ಇಲ್ಲಿ ಬರೆಯುವ ಹಾಗಿಲ್ಲ. ನನ್ನ ಎಡಗಿವಿ ಈಗ ಅರ್ಧ ಕೇಳಲ್ಲ. ನಿಮ್ಮ ನಟರಿಗೆ ಹೇಳಿ, ಹಳೇ ಪ್ರೆಸ್ ಶಾಪಿನವರು ಮಾತಾಡುವಾಗ ಕೂಗುತ್ತಾರೆ, ಅದು ಸಿಟ್ಟಲ್ಲ.

ಅರೆಓದುಗಿ

ನೇಪಥ್ಯ ಅವರೇ, ನೀವು ಮಾತಾಡಿಸಿದವರೆಲ್ಲ ಗಂಡಸರೇನಾ? ಇಷ್ಟು ಹೊತ್ತಿನ ಚರ್ಚೆಯಲ್ಲಿ ಮನೆ ಅನ್ನುವುದೇ ಬಂದಿಲ್ಲ. ಸಂಬಳವಿಲ್ಲದ ಅಷ್ಟೂ ತಿಂಗಳು ಒಲೆ ಹೇಗೆ ಉರಿಯಿತು?

ನೇಪಥ್ಯ

ಪ್ಯಾಕಿಂಗ್ ವಿಭಾಗದ ಕೆಲವು ಹೆಂಗಸರು ಇದ್ದಾರೆ. ಅವರನ್ನು ಬಿಟ್ಟರೆ ಗಂಡಸರೇ. ಹೆಂಡತಿಯರು ಪಕ್ಕದಲ್ಲಿ ಕೂತು ನಡುನಡುವೆ ತಿದ್ದುತ್ತಿದ್ದರು, ನಾವು ಅದನ್ನು ಬರೆದುಕೊಳ್ಳಲಿಲ್ಲ.

ಅರೆಓದುಗಿ

ತಿದ್ದಿದ್ದೇ ನಾಟಕ ಅಲ್ವಾ! ಬ್ರಿಟನ್‌ನ 1984-85ರ ಗಣಿ ಮುಷ್ಕರ ವರ್ಷದಷ್ಟು ಕಾಲ ನಿಂತದ್ದರಲ್ಲಿ ಗಣಿ ಊರುಗಳ ಹೆಂಗಸರು ನಡೆಸಿದ ಸಾಮೂಹಿಕ ಅಡುಗೆಮನೆಗಳ ಪಾಲು ದೊಡ್ಡದು. ಅಡುಗೆಯಿಂದ ಶುರು ಮಾಡಿ ಅವರು ಪಿಕೆಟಿಂಗಿಗೂ ಹೋದರು, ಸಭೆಯಲ್ಲಿ ಭಾಷಣವನ್ನೂ ಮಾಡಿದರು. ನಿಮ್ಮ ಆ ಮನುಷ್ಯನ ಹೆಂಡತಿ ಏನಂದಳು? ಅವನು ಒಳಗೆ ಹೋದಾಗ ನೀರು ಹಿಡಿಯುವ ಸಾಲಿನಲ್ಲಿ ನಿಂತವಳು ಅವಳು.

ಹಳೇ ಟಿಕೆಟ್

ನನ್ನದೊಂದು ಸಲಹೆ. ಬೋಲ್ ಮುಂದೆ ಮಾಡಿದರಲ್ಲ, ಫೋರಂ ಥಿಯೇಟರ್, ಹಾಗೆ ಮಾಡಿ. ಅವನು ಹಿಂದಿನ ಗೇಟ್ ಹತ್ತಿರ ಬಂದಾಗ ನಾಟಕ ನಿಲ್ಲಿಸಿ. ಸಭೆಯನ್ನೇ ಕೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ. ಯಾರು ಬೇಕಾದರೂ ಎದ್ದು ಬಂದು ಅವನ ಜಾಗದಲ್ಲಿ ನಿಂತು ಆಡಲಿ.

ಧ್ವನಿಸುರುಳಿ

ಬೇರೆ ಊರಿನಲ್ಲಿ ಆದರೆ ಸರಿ. ಅವನೂ ಅವನ ಮೇಲೆ ಸಿಟ್ಟಿರುವವರೂ ಒಂದೇ ಸಭೆಯಲ್ಲಿ ಕೂತಿರುವಾಗ ಬೇಡವೇ ಬೇಡ. ಅದು ನಾಟಕ ಆಗುವುದಿಲ್ಲ, ಪಂಚಾಯಿತಿ ಆಗುತ್ತದೆ. ಹೆಸರು ಬದಲಾಯಿಸಿದರೂ, ಇಬ್ಬರು ಮೂವರನ್ನು ಸೇರಿಸಿ ಒಂದು ಪಾತ್ರ ಮಾಡಿದರೂ ಅಷ್ಟು ಸಣ್ಣ ಜಾಗದಲ್ಲಿ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲು ಅವನನ್ನೇ ಹೋಗಿ ಕೇಳಿ.

ನೇಪಥ್ಯ

ಕೇಳಿದೆ. ಬರೆದದ್ದನ್ನು ಓದಿಯೂ ಹೇಳಿದೆ. ಕಡೆಯವರೆಗೂ ಕೇಳಿಸಿಕೊಂಡು, 'ಹಾಕಿ, ಆದರೆ ನಾನು ಅಳುವ ಹಾಗೆ ತೋರಿಸಬೇಡಿ. ಕಾಲಿಗೆ ಬೀಳಿಸಬೇಡಿ' ಅಂದರು. ಆಮೇಲೆ ಇನ್ನೊಂದು ಮಾತು. ಒಳಗೆ ಹೋದ ದಿನ ತಮ್ಮ ಮಿಷಿನ್ ಬಿಟ್ಟು ಬೇರೆಯವರ ಮಿಷಿನ್ನಿನಲ್ಲಿ ಕೂರಿಸಿದರಂತೆ. ಅದನ್ನು ಹೇಳುವಾಗ ಮಾತ್ರ ಸ್ವಲ್ಪ ತಡವರಿಸಿದರು. ಅದು ಯಾರ ಮಿಷಿನ್ ಅಂತ ನನಗೆ ಗೊತ್ತು, ಅವರೇ ನಮ್ಮ ಅತಿ ಉದ್ದದ ಸಂದರ್ಶನ.

ಹಾಗಾಗಿ ಹೀಗೆ ಮಾಡೋಣ ಅಂತಿದ್ದೇವೆ. ಮೂರನೇ ಪಾಳಿ ಅವರು ಒಪ್ಪಿದರೆ ಗೇಟಿನ ಸದ್ದಿನ ದೃಶ್ಯ ತಗೊಳ್ಳುತ್ತೇವೆ, ಇದು ಇನ್ನೊಬ್ಬ ಕೆಲಸಗಾರರ ನೆನಪು ಅಂತ ರಂಗದಲ್ಲೇ ಹೇಳುತ್ತೇವೆ. ಒಳಗೆ ಅವನು ಕೆಲಸ ಮಾಡುತ್ತಾನೆ, ಹೊರಗೆ ಇವರು ಕೇಳಿಸಿಕೊಳ್ಳುತ್ತಾರೆ. ಮಾಲು ತುಂಬಿದ ವಾದ ಆಮೇಲೆ ಬರುತ್ತದೆ, ಅವನ ಬಾಯಿಂದಲೇ. ಅದಕ್ಕೆ ಉತ್ತರವನ್ನು ಯೂನಿಯನ್ನಿನವರ ಟೇಪಿನಿಂದಲೇ ತೆಗೆದಿದ್ದೇವೆ: 'ಗೊತ್ತಿತ್ತು. ನಮಗೂ ಗೊತ್ತಿತ್ತು.' ಬೇರೆ ಮಾತು ಸೇರಿಸುವುದಿಲ್ಲ.

ಚೌಕಬಯಲು

'ನಮಗೂ ಗೊತ್ತಿತ್ತು' ಅಂತ ನಿಜವಾಗಿ ಹೇಳಿದ್ದಾರಾ? ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೇ. ಗೊತ್ತಿದ್ದೂ ಯಾಕೆ ನಿಂತರು ಅಂತ ಕೇಳಿದ್ದೀರಾ?

ನೇಪಥ್ಯ

ಕೇಳಿದೆವು. ಇಡೀ ಸಂದರ್ಶನದಲ್ಲಿ ಅವರಿಗೆ ಸಿಟ್ಟು ಬಂದದ್ದು ಅಲ್ಲೊಂದೇ ಕಡೆ. ಗೇಟಿಗೆ ಬೀಗ ಬಿದ್ದ ಮೇಲೆ ಕೇಳಬೇಕಾದ ಪ್ರಶ್ನೆಯಾ ಇದು ಅಂದರು.

ಚೌಕಬಯಲು

ಹಾಗಿದ್ದರೆ ಆ ಸಿಟ್ಟನ್ನು ಕತ್ತರಿಸಬೇಡಿ. ಪ್ರಶ್ನೆ ಕೇಳಿದ ನಿಮ್ಮನ್ನೂ ರಂಗದ ಮೇಲೆ ನಿಲ್ಲಿಸಿ, ಬೈಸಿಕೊಳ್ಳಿ. ಆಗ ನನ್ನ ತಕರಾರು ಅರ್ಧ ಕಡಿಮೆ ಆಗುತ್ತೆ. ಅರ್ಧ ಮಾತ್ರ.

ಮೂರನೇ ಪಾಳಿ

ದೃಶ್ಯ ತಗೊಳ್ಳಿ, ಹೆಸರು ಬೇಡ. ಆದರೆ ಧ್ವನಿಮುದ್ರಣ ಹಾಕಬೇಡಿ, ಒಂದೇ ಸಮ ಬರುತ್ತೆ. ಒಬ್ಬ ನಟ ಹಿಂದೆ ಕೂತು ಮರದ ಹಲಗೆ ಮೇಲೆ ಭಾರದ್ದೇನಾದರೂ ಕುಟ್ಟಲಿ, ಶೀಟ್ ಇಟ್ಟು ತೆಗೆಯುವುದನ್ನು ಕೈಯಲ್ಲಿ ಮಾಡುತ್ತಾ. ಬೇರೆಯವರ ಮಿಷಿನ್ ಅಂದಿರಲ್ಲ, ಹಾಗಾದರೆ ಮೊದಲು ನಿಧಾನ ಇರಬೇಕು. ಪೆಡಲ್ ಎತ್ತರ ಒಗ್ಗುವವರೆಗೂ ತಾಳ ತಪ್ಪುತ್ತೆ. ಆಮೇಲೆ ಅವನದೇ ತಾಳಕ್ಕೆ ಬರುತ್ತೆ. ಗೇಟಲ್ಲಿದ್ದವರಿಗೆ ಗೊತ್ತಾಗುವುದು ಆಗ.

ಮತ್ತೆ, ಆಡುವ ಮುಂಚೆ ಅವರಿಗೆಲ್ಲ ಓದಿ ಹೇಳುತ್ತೀರಲ್ಲ, ಒಟ್ಟಿಗೆ ಕರೆಯಬೇಡಿ. ಅವನಿಗೆ ಬೇರೆ ದಿನ. ಹೆಂಗಸರಿಗೂ ಬೇರೆ ದಿನ, ಗಂಡಂದಿರಿಲ್ಲದಾಗ. ಸಾಯಂಕಾಲ ಏಳರ ಮೇಲೆ ಇಟ್ಟರೆ ಯಾರೂ ಬರಲ್ಲ, ವಯಸ್ಸಾಗಿದೆ ಎಲ್ಲರಿಗೂ. ಬೆಳಿಗ್ಗೆ ಇಡಿ. ಕಿವಿ ಮಂದ ಇರುವವರನ್ನು ಮುಂದಿನ ಸಾಲಿಗೆ ಕೂರಿಸಿ, ಅವರು ತಾವಾಗಿ ಕೇಳಲ್ಲ.

ಅರೆಓದುಗಿ

ಹೆಂಗಸರ ದಿನಕ್ಕೆ ನಾನೂ ಬರಬಹುದಾ? ಬರೆದುಕೊಳ್ಳಲು ಒಬ್ಬಳು ಬೇಕಾಗುತ್ತದೆ.

ನೇಪಥ್ಯ

ಬನ್ನಿ. ಮೆಸೇಜ್ ಮಾಡುತ್ತೇನೆ.